ಪ್ಯಾಥೋಫಿಸಿಯಾಲಜಿಗೆ ಯಾವ ಪುಸ್ತಕ ಕೊಳ್ಳಲಿ, ಕೊಂಡ ಮೇಲೆ ಹೇಗೆ ಓದಲಿ?

ಭದ್ರಾತೀರ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಮೂರನೇ ಸೆಮಿಸ್ಟರ್‌ನಲ್ಲಿದ್ದೇನೆ. ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿಗಳನ್ನು ಹೇಗೋ ಬಾಯಿಪಾಠ ಮಾಡಿ ದಾಟಿದೆ. ಈಗ ಪ್ಯಾಥಾಲಜಿ, ಫಾರ್ಮಕಾಲಜಿ ಎರಡೂ ಒಟ್ಟಿಗೇ ಬಂದಿವೆ. ಅಡಲ್ಟ್ ಹೆಲ್ತ್ ನರ್ಸಿಂಗ್ ಪತ್ರಿಕೆಯ ಹೆಸರಿನಲ್ಲೇ ಪ್ಯಾಥೋಫಿಸಿಯಾಲಜಿ, ಅಂದರೆ ಕಾಯಿಲೆ ದೇಹದೊಳಗೆ ಹೇಗೆ ನಡೆಯುತ್ತದೆ ಎಂಬ ವಿಷಯ, ಸೇರಿಕೊಂಡಿದೆ. ಇನ್ನು ಬಾಯಿಪಾಠ ಸಾಗದು ಎಂಬುದು ಕಳೆದ ವಾರ ಗೊತ್ತಾಯಿತು.

ಪುರುಷರ ಮೆಡಿಕಲ್ ವಾರ್ಡಿನಲ್ಲಿ ಪೋಸ್ಟಿಂಗ್ ಇತ್ತು. ಹೃದಯ ವೈಫಲ್ಯದ ಅಜ್ಜ ಒಬ್ಬರನ್ನು ಕೇಸ್ ಪ್ರೆಸೆಂಟೇಷನ್‌ಗೆ ಆರಿಸಿಕೊಂಡಿದ್ದೆ. ಕಾರಣಗಳು, ಲಕ್ಷಣಗಳು, ತಪಾಸಣೆ, ಔಷಧ ಎಲ್ಲವನ್ನೂ ತಡವರಿಸದೆ ಒಪ್ಪಿಸಿದೆ. ಮೇಡಂ ಮಂಚದ ಕಡೆ ಕೈ ತೋರಿಸಿ, "ಈ ಅಜ್ಜ ಎರಡು ದಿಂಬು ಇಟ್ಟುಕೊಂಡು ಒರಗಿ ಮಲಗುವುದು ಏಕೆ?" ಎಂದು ಕೇಳಿದರು. "ಆರ್ಥಾಪ್ನಿಯ, ಮೇಡಂ" ಎಂದೆ. ಮಲಗಿದರೆ ಉಸಿರು ಕಟ್ಟುವುದಕ್ಕೆ ಇರುವ ಪದ ಅದು. "ಅದು ಹೆಸರು. ನಾನು ಕೇಳಿದ್ದು ಕಾರಣ" ಎಂದರು. ನನಗೆ ಏನೂ ತೋಚಲಿಲ್ಲ. ಅಜ್ಜನೇ ನನ್ನ ಮುಖ ನೋಡಿ "ಹೋಗಲಿ ಬಿಡಿ ತಾಯಿ" ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಬಳಿ ಇರುವುದು ಪರೀಕ್ಷೆಯ ಗೈಡ್ ಮಾತ್ರ. ಗ್ರಂಥಾಲಯದಲ್ಲಿ ಎರಡು ದಪ್ಪ ಪುಸ್ತಕಗಳಿವೆ. ಹಳೆಯ ಆವೃತ್ತಿ, ಹೊರಗೆ ಕೊಡುವುದಿಲ್ಲ. ಮನೆಯಲ್ಲಿ ಕೇಳಿದರೆ ಒಂದು ಪುಸ್ತಕಕ್ಕೆ ಹಣ ಕೊಡುತ್ತಾರೆ, ಎರಡಕ್ಕೆ ಆಗುವುದಿಲ್ಲ. ಯಾವುದನ್ನು ಕೊಳ್ಳಲಿ? ಕೊಂಡ ಮೇಲೆ ಹೇಗೆ ಓದಲಿ?

ಅಂತಿಮ ವರ್ಷ

ತಂಗಿ, ಗಾಬರಿಯಾಗಬೇಡ. ಪರೀಕ್ಷೆಯ ದೃಷ್ಟಿಯಿಂದ ಹೇಳುವುದಾದರೆ ಹಳೆಯ ಪ್ರಶ್ನೆಪತ್ರಿಕೆಗಳು, ಒಳ್ಳೆಯ ನೋಟ್ಸ್, ಜೊತೆಗೆ ಬ್ರುನ್ನರ್ ಮೆಡಿಕಲ್ ಸರ್ಜಿಕಲ್ ಪುಸ್ತಕ ಇದ್ದರೆ ಸಾಕು. ಬ್ರುನ್ನರ್‌ನಲ್ಲಿ ಕಾಯಿಲೆಗಳ ಕೆಳಗೆ ಪ್ಯಾಥೋಫಿಸಿಯಾಲಜಿ ಎಂಬ ಉಪಶೀರ್ಷಿಕೆ ಇರುತ್ತದೆ. ನಾವು ನಾಲ್ಕು ವರ್ಷ ಅದರಲ್ಲೇ ಕಳೆದಿದ್ದೇವೆ. ಬೇರೆ ದಪ್ಪ ಪುಸ್ತಕ ಕೊಂಡ ನನ್ನ ಗೆಳತಿಯರ ಪುಸ್ತಕಗಳು ಹಾಸ್ಟೆಲ್ ಕಪಾಟಿನಲ್ಲಿ ಹೊಸದಾಗಿಯೇ ಇವೆ. ಪೋಸ್ಟಿಂಗ್, ಅಸೈನ್‌ಮೆಂಟ್, ಕೇರ್ ಪ್ಲಾನ್, ರೆಕಾರ್ಡ್ ಬುಕ್ ಇವುಗಳ ನಡುವೆ ಸಾವಿರ ಪುಟ ಓದಲು ಸಮಯ ಎಲ್ಲಿದೆ?

ಹಳೆಯ ಟ್ಯೂಟರ್

ಬಹಳ ವರ್ಷ ಪಾಠ ಹೇಳಿ ಈಗ ನಿವೃತ್ತಳಾಗಿದ್ದೇನೆ. ಮಗೂ, ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ, ನನ್ನ ವಿದ್ಯಾರ್ಥಿನಿಯರ ವಯಸ್ಸು ನಿನ್ನದು.

ಮೊದಲು ಆ ದಿಂಬಿನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಪುಸ್ತಕ ಆರಿಸುವ ದಾರಿಯೂ ಅದರೊಳಗೇ ಇದೆ.

ಅಜ್ಜನ ಹೃದಯದ ಎಡಭಾಗ ಸೋತಿದೆ. ಶ್ವಾಸಕೋಶದಿಂದ ಬಂದ ರಕ್ತವನ್ನು ಅದು ಪೂರ್ತಿಯಾಗಿ ಮುಂದಕ್ಕೆ ತಳ್ಳಲಾರದು. ತಳ್ಳದೆ ಉಳಿದ ರಕ್ತದ ಒತ್ತಡ ಹಿಂದಕ್ಕೆ, ಶ್ವಾಸಕೋಶದ ಕಿರುರಕ್ತನಾಳಗಳವರೆಗೆ ಏರುತ್ತದೆ. ಹಗಲಿನಲ್ಲಿ ಕುಳಿತಿರುವಾಗ, ನಿಂತಿರುವಾಗ ದೇಹದ ರಕ್ತ ಮತ್ತು ಬಾವಿನ ನೀರಿನ ಒಂದು ಪಾಲು ಕಾಲಿನ ಕಡೆ ಇಳಿದಿರುತ್ತದೆ. ಚಪ್ಪಟೆಯಾಗಿ ಮಲಗಿದೊಡನೆ ಅದು ಎದೆಗೆ ಮರಳುತ್ತದೆ. ಮೊದಲೇ ತುಂಬಿರುವ ಶ್ವಾಸಕೋಶಕ್ಕೆ ಇನ್ನಷ್ಟು ರಕ್ತ ಬರುತ್ತದೆ, ಒತ್ತಡ ಹೆಚ್ಚಿ ನೀರು ಹೊರಗೆ ಜಿನುಗುತ್ತದೆ, ಉಸಿರು ಕಟ್ಟುತ್ತದೆ. ದಿಂಬು ಇಟ್ಟು ಎದೆಯನ್ನು ಎತ್ತರಿಸಿದರೆ ಮರಳುವ ರಕ್ತ ಕಡಿಮೆಯಾಗುತ್ತದೆ. ಅಜ್ಜನಿಗೆ ಈ ಶಾಸ್ತ್ರ ಗೊತ್ತಿಲ್ಲ, ಆದರೆ ಅವರ ದೇಹ ಇದನ್ನು ಕಂಡುಕೊಂಡಿದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗು. ಹೃದಯ ತಳ್ಳುವ ರಕ್ತ ಕಡಿಮೆಯಾದಾಗ ಮೂತ್ರಪಿಂಡಕ್ಕೂ ರಕ್ತ ಕಡಿಮೆ ಬರುತ್ತದೆ. ದೇಹದಲ್ಲಿ ನೀರೇ ಕಡಿಮೆಯಾಗಿದೆ ಎಂದು ಅದು ತಿಳಿದು ರೆನಿನ್ ಬಿಡುಗಡೆ ಮಾಡುತ್ತದೆ. ಅಲ್ಲಿಂದ ಆಂಜಿಯೋಟೆನ್ಸಿನ್, ಆಲ್ಡೋಸ್ಟೆರಾನ್ ಎಂಬ ಹಾರ್ಮೋನ್‌ಗಳು. ಕೊನೆಗೆ ಉಪ್ಪು, ನೀರು ಇನ್ನಷ್ಟು ಉಳಿಯುತ್ತವೆ. ನೀರು ತುಂಬಿ ಮುಳುಗುತ್ತಿರುವ ದೇಹಕ್ಕೆ ಮೂತ್ರಪಿಂಡ ಮತ್ತೆ ನೀರು ಸೇರಿಸುತ್ತದೆ! ಇಷ್ಟು ಅರ್ಥವಾದರೆ ಉಪ್ಪು ಕಡಿಮೆ ಮಾಡುವುದು ಏಕೆ, ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿನಲ್ಲಿ ತೂಕ ನೋಡುವುದು ಏಕೆ, ಮೂತ್ರ ಹೆಚ್ಚಿಸುವ ಲೇಸಿಕ್ಸ್ ಕೊಟ್ಟ ಮೇಲೆ ಮೂತ್ರದ ಅಳತೆ ಬರೆಯುವುದು ಏಕೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಪ್ಯಾಥಾಲಜಿ ಹೆಚ್ಚಾಗಿ ಅಂಗದಲ್ಲಿ ಏನು ಕೆಟ್ಟಿದೆ ಎಂದು ತೋರಿಸುತ್ತದೆ. ಕೆಟ್ಟದ್ದರಿಂದ ಮಂಚದ ಮೇಲಿನ ಮನುಷ್ಯನಿಗೆ ಹೀಗೇಕೆ ಆಗುತ್ತಿದೆ ಎಂಬ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಹಿಡಿಯುವುದು ಪ್ಯಾಥೋಫಿಸಿಯಾಲಜಿ. ನಿನ್ನ ಗೈಡ್‌ನಲ್ಲಿ ಮಣಿಗಳೆಲ್ಲ ಇವೆ, ದಾರ ಇಲ್ಲ.

ಆದ್ದರಿಂದ ಪುಸ್ತಕದಂಗಡಿಗೆ ಹೋದಾಗ ಮುಖಪುಟ, ಆವೃತ್ತಿ, ದಪ್ಪ ಇವುಗಳನ್ನು ನೋಡುವ ಮೊದಲು ನೀನು ವಾರ್ಡಿನಲ್ಲಿ ಕಣ್ಣಾರೆ ಕಂಡ ಒಂದು ಕಾಯಿಲೆಯ ಅಧ್ಯಾಯ ತೆಗೆ. ಹೃದಯ ವೈಫಲ್ಯವನ್ನೇ ತೆಗೆ. ಮಲಗಿದಾಗ ಉಸಿರು ಏಕೆ ಕಟ್ಟುತ್ತದೆ ಎಂಬುದಕ್ಕೆ ಅಲ್ಲಿ ವಾಕ್ಯಗಳಲ್ಲಿ ಉತ್ತರ ಇದೆಯೇ, ಅಥವಾ ಬರಿಯ ಪಟ್ಟಿ ಇದೆಯೇ? ಅಂಗಡಿಯಲ್ಲೇ ನಿಂತು ಒಂದು ಪುಟ ಪೂರ್ತಿ ಓದು. ನಾಲ್ಕೈದು ಪದ ತಿಳಿಯದಿದ್ದರೆ ಚಿಂತೆಯಿಲ್ಲ. ಸಾಲು ಸಾಲಿಗೂ ತಡವರಿಸಿದರೆ ಆ ಪುಸ್ತಕ ಎಷ್ಟೇ ಒಳ್ಳೆಯದಾದರೂ ಈಗ ನಿನ್ನದಲ್ಲ. ಆಮೇಲೆ ಅದರ ಒಂದು ಚಿತ್ರ ನೋಡು. ಪುಸ್ತಕ ಮುಚ್ಚಿ ಅದನ್ನು ಪೆನ್ಸಿಲ್‌ನಲ್ಲಿ ಬಿಡಿಸಲು ಆಗುವಷ್ಟು ಸರಳವಾಗಿದೆಯೇ?

ಹೆಸರು ಹೇಳಲೇಬೇಕೆಂದರೆ ನರ್ಸಿಂಗ್‌ನವರು ಹೆಚ್ಚು ಬಳಸುವವು ಪೋರ್ತ್ ಮತ್ತು ಮೆಕ್ಯಾನ್ಸ್. ಎರಡೂ ಅಮೆರಿಕದವು, ಎರಡರಲ್ಲೂ ಪ್ರತಿ ಅಂಗವ್ಯೂಹಕ್ಕೆ ಮೊದಲು ಸಹಜ ರಚನೆ ಮತ್ತು ಕೆಲಸ, ಆಮೇಲೆ ಕಾಯಿಲೆ ಬರುತ್ತದೆ. ಮೆಕ್ಯಾನ್ಸ್ ದೊಡ್ಡ ಪುಸ್ತಕದಲ್ಲಿ ಮಕ್ಕಳ ಕಾಯಿಲೆಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ, ಮುಂದೆ ಪೀಡಿಯಾಟ್ರಿಕ್ಸ್‌ಗೆ ಒದಗುತ್ತದೆ. ಎರಡಕ್ಕೂ ಚಿಕ್ಕ ರೂಪಗಳಿವೆ. ನಿನಗೆ ನಾನು ಹೇಳುವುದು ಚಿಕ್ಕ ಪೋರ್ತ್. ದೊಡ್ಡದನ್ನು ಗ್ರಂಥಾಲಯದಲ್ಲೇ ಕುಳಿತು ವಾರಕ್ಕೊಂದು ಕಾಯಿಲೆಯಂತೆ ಓದು.

ಅಂತಿಮ ವರ್ಷದವರು ಹೇಳಿದ ಬ್ರುನ್ನರ್ ಬಗ್ಗೆ ನನಗೆ ಗೌರವವಿದೆ. ಆರೈಕೆಗೆ ಅದು ಬೇಕೇ ಬೇಕು. ಆದರೆ ಅಲ್ಲಿನ ಪ್ಯಾಥೋಫಿಸಿಯಾಲಜಿ ಒಂದೆರಡು ಪ್ಯಾರಾಗಳಷ್ಟು. ಮೊದಲೇ ಅರ್ಥವಾದವರಿಗೆ ನೆನಪಿಸಲು ಅದು ಸಾಕು, ಮೊದಲ ಬಾರಿ ಅರ್ಥ ಮಾಡಿಕೊಳ್ಳುವವರಿಗೆ ಸಾಲದು.

ರಾತ್ರಿಪಾಳಿ

ಮೇಡಂ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ನಾನು ಐಸಿಯುನಲ್ಲಿ ಸ್ಟಾಫ್ ನರ್ಸ್. "ಪರೀಕ್ಷೆಗೆ ಸಾಕು" ಎಂಬ ಮಾತು ಕೇಳಿದಾಗ ನನಗೆ ಒಂದು ರಾತ್ರಿ ನೆನಪಾಗುತ್ತದೆ.

ಆಗ ನಾನಿನ್ನೂ ವಾರ್ಡಿನಲ್ಲಿದ್ದೆ. ಡೆಂಗಿಯ ಕಾಲ, ಮಂಚಗಳೆಲ್ಲ ತುಂಬಿದ್ದವು. ಇಪ್ಪತ್ತರ ಆಸುಪಾಸಿನ ಹುಡುಗ, ಜ್ವರದ ಐದನೇ ದಿನ. ಸಂಜೆ ಜ್ವರ ಇಳಿದಿತ್ತು. ತಾಯಿಗೆ ಸಂತೋಷವೋ ಸಂತೋಷ. "ಜ್ವರ ಬಿಟ್ಟಿತಲ್ಲ ಸಿಸ್ಟರ್, ಬೆಳಿಗ್ಗೆ ಮನೆಗೆ ಕಳುಹಿಸುತ್ತೀರಾ?" ಎಂದು ಎರಡು ಬಾರಿ ಕೇಳಿದರು. ಬಿಪಿ ನೋಡಿದೆ, 100/82. ಮೇಲಿನ ಅಂಕಿ ನೂರು ಇದೆ, ಪರವಾಗಿಲ್ಲ ಎಂದು ಬರೆದು ಮುಂದಿನ ಮಂಚಕ್ಕೆ ಹೋಗಿಬಿಡಬಹುದಿತ್ತು. ನನ್ನ ಪುಣ್ಯ, ಅದೇ ವಾರ ಷಾಕ್, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿಯ ಅಧ್ಯಾಯವನ್ನು ಮತ್ತೆ ಓದಿದ್ದೆ. ಎರಡು ಅಂಕಿಗಳ ನಡುವೆ ಅಂತರ ಹದಿನೆಂಟೇ. ಕೈ ಮುಟ್ಟಿದರೆ ತಣ್ಣಗಿತ್ತು.

ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ. ರಕ್ತನಾಳದ ಗೋಡೆ ಸೋರುತ್ತದೆ, ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊರಗೆ ಹೋಗುತ್ತದೆ, ಕಣಗಳು ಒಳಗೇ ಉಳಿಯುತ್ತವೆ. ಹಾಗಾಗಿಯೇ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತದೆ. ಒಳಗಿನ ರಕ್ತ ಕಡಿಮೆಯಾದುದನ್ನು ತುಂಬಿಕೊಳ್ಳಲು ದೇಹ ಕೈಕಾಲಿನ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ. ಅದರಿಂದ ಕೆಳಗಿನ ಅಂಕಿ ಇಳಿಯುವುದಿಲ್ಲ, ಏರಿಯೇ ನಿಲ್ಲುತ್ತದೆ, ಕೈ ತಣ್ಣಗಾಗುತ್ತದೆ. ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಅದು ಷಾಕ್ ಎಂದೇ ಲೆಕ್ಕ. ಮೇಲಿನ ಅಂಕಿ ಬೀಳುವವರೆಗೆ ಕಾದರೆ ತಡವಾಗಿರುತ್ತದೆ. ಡ್ಯೂಟಿ ಡಾಕ್ಟರನ್ನು ಕರೆದೆ, ಡ್ರಿಪ್ ಶುರುವಾಯಿತು, ಗಂಟೆಗೊಮ್ಮೆ ಮೂತ್ರ ಅಳೆಯುತ್ತಾ ಬೆಳಗಾಯಿತು. ಹುಡುಗ ಉಳಿದ.

ಪ್ಲೇಟ್‌ಲೆಟ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅಂದು ನನಗೆ ದಾರಿ ತೋರಿದ್ದು ಬಿಪಿಯ ಎರಡು ಅಂಕಿಗಳ ನಡುವಿನ ಅಂತರ. ಅದಕ್ಕೆ ಅರ್ಥ ಕೊಟ್ಟದ್ದು ಪುಸ್ತಕ.

ಅಂತಿಮ ವರ್ಷ

ಅಕ್ಕ, ಇದನ್ನು ಓದಿದ ಮೇಲೆ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಪಲ್ಸ್ ಪ್ರೆಷರ್ ಎಂಬ ಪದದ ವ್ಯಾಖ್ಯೆ ಬರೆದು ಅಂಕ ಪಡೆದಿದ್ದೇನೆ. ಒಬ್ಬ ರೋಗಿಯ ಬಿಪಿ ಬರೆಯುವಾಗಲೂ ಕಳೆದು ನೋಡಿರಲಿಲ್ಲ.

ಕಲ್ಪತರು ನಾಡು

ನಾನು ನರ್ಸಿಂಗ್‌ನವನಲ್ಲ, ಬಸ್ ಚಾಲಕ. ಮಗಳು ತುಮಕೂರಿನಲ್ಲಿ ಇದೇ ಕೋರ್ಸಿಗೆ ಸೇರಿದ್ದಾಳೆ. ಕಾಲೇಜಿನವರು ಪುಸ್ತಕಗಳ ಉದ್ದ ಪಟ್ಟಿ ಕೊಟ್ಟಿದ್ದಾರೆ. ಎಲ್ಲವನ್ನೂ ಕೊಡಿಸಬೇಕೇ? ಕೊಡಿಸದೆ ಅವಳು ಹಿಂದೆ ಬಿದ್ದರೆ ಎಂಬ ಭಯ. ತಿಳಿದವರು ಹೇಳಿ.

ಹಳೆಯ ಟ್ಯೂಟರ್

ಸ್ವಾಮಿ, ಎಲ್ಲ ಬೇಡ. ಆ ಪಟ್ಟಿಯಲ್ಲಿ ಒಂದೇ ವಿಷಯಕ್ಕೆ ಮೂರು ನಾಲ್ಕು ಪುಸ್ತಕಗಳಿರುತ್ತವೆ, ಒಂದು ಸಾಕು. ಈ ವರ್ಷ ಮುಖ್ಯವಾದದ್ದು ಅನಾಟಮಿ ಮತ್ತು ಫಿಸಿಯಾಲಜಿ ಪುಸ್ತಕ. ಅದನ್ನು ಮಾತ್ರ ಹೊಸದಾಗಿಯೇ ಕೊಡಿಸಿ, ವರ್ಷ ಮುಗಿದ ಮೇಲೆ ಮಾರಲು ಬಿಡಬೇಡಿ. ಸಹಜವಾಗಿ ಹೃದಯ ಹೇಗೆ ನಡೆಯುತ್ತದೆ ಎಂದು ತಿಳಿಯದೆ ಸೋತ ಹೃದಯ ಅರ್ಥವಾಗುವುದಿಲ್ಲ. ಎರಡನೇ ವರ್ಷ ಪ್ಯಾಥೋಫಿಸಿಯಾಲಜಿ ಓದುವಾಗ ಆ ಮೊದಲ ವರ್ಷದ ಪುಸ್ತಕ ಮೇಜಿನ ಮೇಲೆ ಪಕ್ಕದಲ್ಲೇ ತೆರೆದಿರಬೇಕು. ಉಳಿದವುಗಳನ್ನು ಸೀನಿಯರ್‌ಗಳಿಂದ ಅರ್ಧ ಬೆಲೆಗೆ ಕೊಳ್ಳಬಹುದು. ಬೆಂಗಳೂರಿಗೆ ಬಸ್ಸು ತಂದಾಗ ಬಿಡುವಿದ್ದರೆ ಅವೆನ್ಯೂ ರಸ್ತೆಯಲ್ಲಿ ವಿಚಾರಿಸಿ.

ಪ್ಯಾಥಾಲಜಿ ಪಿಜಿ

ನಾನು ಎಂಡಿ ವಿದ್ಯಾರ್ಥಿ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೂಲದಿಂದಲೇ ಓದಬೇಕೆಂದರೆ ರಾಬಿನ್ಸ್ ಪ್ಯಾಥಾಲಜಿ ಪುಸ್ತಕಕ್ಕೆ ಸಮನಾದದ್ದಿಲ್ಲ. ನರ್ಸಿಂಗ್ ವಿದ್ಯಾರ್ಥಿಗಳು ಅದನ್ನು ಓದಲಾರರು ಎಂದುಕೊಳ್ಳುವುದು ತಪ್ಪು. ಅದು ಭಾರವೆನಿಸಿದರೆ ಹರ್ಷ ಮೋಹನ್ ಇದೆ, ನಮ್ಮವರೇ ಬರೆದದ್ದು.

ಹಳೆಯ ಟ್ಯೂಟರ್

ಡಾಕ್ಟರೇ, ಓದಲಾರರು ಎಂದು ನಾನು ಹೇಳುವುದಿಲ್ಲ. ನನ್ನ ವಿದ್ಯಾರ್ಥಿನಿಯರಲ್ಲಿ ಓದಿದವರಿದ್ದಾರೆ. ಆದರೆ ಆ ಪುಸ್ತಕದ ದೊಡ್ಡ ಪಾಲು ಅಂಗವನ್ನು ಕತ್ತರಿಸಿದಾಗ ಹೇಗೆ ಕಾಣುತ್ತದೆ, ಸೂಕ್ಷ್ಮದರ್ಶಕದಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಮೀಸಲು. ನಿಮ್ಮ ಕೆಲಸಕ್ಕೆ ಅದು ಜೀವಾಳ. ನಮ್ಮ ಹುಡುಗಿ ಬೆಳಿಗ್ಗೆ ಎಂಟಕ್ಕೆ ವಾರ್ಡಿನಲ್ಲಿ ನೋಡುವುದು ಉಸಿರಿನ ವೇಗ, ಚರ್ಮದ ಬಣ್ಣ, ಮೂತ್ರದ ಚೀಲ, ಮುಖದ ಗೆಲುವು. ಅವಳಿಗೆ ಆ ಕಡೆಯಿಂದ ಒಳಗೆ ಹೋಗುವ ಪುಸ್ತಕ ಬೇಕು.

ಪ್ಯಾಥಾಲಜಿ ಪಿಜಿ

ಒಪ್ಪಿದೆ ಮೇಡಂ. ಆದರೂ ಒಂದು ಕೋರಿಕೆ. ಆರಂಭದಲ್ಲಿ ಬರುವ ಜೀವಕೋಶದ ಹಾನಿ, ಉರಿಯೂತ, ಗಾಯ ಮಾಯುವಿಕೆ ಇವುಗಳ ಅಧ್ಯಾಯಗಳನ್ನು ಯಾವ ಪುಸ್ತಕದಿಂದಲಾದರೂ ಸರಿ, ಎರಡು ಬಾರಿ ಓದಿಸಿ. ವಿದ್ಯಾರ್ಥಿಗಳು ಅವುಗಳನ್ನು ಹಾರಿಸಿ ನೇರವಾಗಿ ಕಾಯಿಲೆಗೆ ಹೋಗುತ್ತಾರೆ. ಉರಿಯೂತದಲ್ಲಿ ರಕ್ತನಾಳ ಹಿಗ್ಗಿ ಸೋರುತ್ತದೆ ಎಂಬ ಒಂದು ಸಂಗತಿ ಗಟ್ಟಿಯಾದರೆ ಡ್ರಿಪ್ ಹಾಕಿದ ಕೈ ಕೆಂಪಾಗಿ ಊದುವುದರಿಂದ ಹಿಡಿದು ಸೆಪ್ಸಿಸ್‌ನಲ್ಲಿ ಬಿಪಿ ಬೀಳುವವರೆಗೆ ಎಷ್ಟೋ ವಿಷಯ ಒಂದೇ ಎಳೆಯಲ್ಲಿ ಬರುತ್ತದೆ.

ಹಳೆಯ ಟ್ಯೂಟರ್

ಇದು ಬಂಗಾರದಂಥ ಮಾತು. ಮಗೂ, ಬರೆದಿಟ್ಟುಕೋ.

ಭದ್ರಾತೀರ

ಬರೆದುಕೊಂಡೆ. ಹಳೆಯ ಆವೃತ್ತಿಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಸೀನಿಯರ್ ಒಬ್ಬರ ಬಳಿ ಎರಡು ಆವೃತ್ತಿ ಹಿಂದಿನ ಪೋರ್ತ್ ಇದೆ, ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಾರೆ. ಕೊಳ್ಳಬಹುದೇ?

ರಾತ್ರಿಪಾಳಿ

ಧೈರ್ಯವಾಗಿ ಕೊಳ್ಳಿ. ಮಲಗಿದಾಗ ರಕ್ತ ಎದೆಗೆ ಮರಳುವುದು ಹತ್ತು ವರ್ಷದ ಹಿಂದೆಯೂ ಹಾಗೇ ಇತ್ತು. ಹಳತಾಗುವುದು ವ್ಯಾಖ್ಯೆ, ಅಂಕಿ, ಔಷಧ. ಸೆಪ್ಸಿಸ್ ಎಂದರೆ ಸೋಂಕಿನ ಜೊತೆಗೆ ಜ್ವರ, ನಾಡಿ, ಉಸಿರು, ಬಿಳಿ ರಕ್ತಕಣ ಇವುಗಳಲ್ಲಿ ಎರಡರ ಏರುಪೇರು ಎಂದು ಹಳೆಯ ಪುಸ್ತಕ ಹೇಳುತ್ತದೆ. 2016ರಲ್ಲಿ ಆ ವ್ಯಾಖ್ಯೆ ಬದಲಾಯಿತು. ಸೋಂಕಿಗೆ ದೇಹ ಹತೋಟಿ ತಪ್ಪಿ ಪ್ರತಿಕ್ರಿಯಿಸಿ ಅಂಗಗಳೇ ಕೆಡುವ ಸ್ಥಿತಿಗೆ ಈಗ ಸೆಪ್ಸಿಸ್ ಎನ್ನುತ್ತಾರೆ. ರಕ್ತದೊತ್ತಡದ ಗಡಿಯನ್ನು ಅಮೆರಿಕದವರು 2017ರಲ್ಲಿ 130/80ಕ್ಕೆ ಇಳಿಸಿದರು, ನಮ್ಮಲ್ಲಿ ಸಾಮಾನ್ಯವಾಗಿ 140/90 ಎಂದೇ ನೋಡುತ್ತೇವೆ. ಇಂಥ ಕಡೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಹೊಸದನ್ನು ಬರೆದುಕೊಂಡರಾಯಿತು. ಔಷಧದ ಪ್ರಮಾಣವನ್ನು ಮಾತ್ರ ಹಳೆಯ ಪುಸ್ತಕದಿಂದ ಎಂದೂ ತೆಗೆದುಕೊಳ್ಳಬೇಡಿ.

ಕೊಳ್ಳುವ ಮುನ್ನ ಪುಟಗಳನ್ನು ತಿರುವಿ ನೋಡಿ. ಒಬ್ಬರು ಕೇಸ್ ಸ್ಟಡಿಗೆ ಅಂಟಿಸಲು ಚಿತ್ರಗಳನ್ನೇ ಕತ್ತರಿಸಿಕೊಂಡಿದ್ದ ಪುಸ್ತಕ ನನ್ನ ಪಾಲಿಗೆ ಬಂದಿತ್ತು. ಮೂತ್ರಪಿಂಡದ ಅಧ್ಯಾಯದಲ್ಲಿ ಬರಿಯ ಕಿಟಕಿಗಳು.

ಗದಗಿನ ಹುಡುಗ

ನಾನೂ ಕನ್ನಡ ಮಾಧ್ಯಮದವನು, ಈಗ ಆರನೇ ಸೆಮಿಸ್ಟರ್. ಅಕ್ಕ, ನಿಮ್ಮ ಎರಡನೇ ಪ್ರಶ್ನೆ ಹೇಗೆ ಓದುವುದು ಎಂದಲ್ಲವೇ? ನಾನು ಕಂಡುಕೊಂಡ ದಾರಿ ಹೇಳುತ್ತೇನೆ.

ಮೂರನೇ ಸೆಮಿಸ್ಟರ್‌ನಲ್ಲಿ ನಾನು ಒಂದೊಂದು ಸಾಲಿನ ಕೆಳಗೂ ಗೆರೆ ಎಳೆಯುತ್ತಿದ್ದೆ. ಪುಟವೆಲ್ಲ ಹಳದಿಯಾಯಿತು, ತಲೆಗೆ ಏನೂ ಹೋಗಲಿಲ್ಲ. ಆಮೇಲೆ ಪುಸ್ತಕ ಮುಚ್ಚಿ, ಬಿಳಿ ಹಾಳೆಯಲ್ಲಿ, ಕನ್ನಡದಲ್ಲೇ ಬಾಣ ಎಳೆಯಲು ಶುರು ಮಾಡಿದೆ. ಮೊದಲ ಹಾಳೆ ಸಿರೋಸಿಸ್‌ನದು. ಇನ್ನೂ ಇಟ್ಟುಕೊಂಡಿದ್ದೇನೆ. ನಡುವೆ "ಯಕೃತ್ತು ಗಟ್ಟಿಯಾಗುತ್ತದೆ" ಎಂದು ಬರೆದಿದ್ದೇನೆ. ಅಲ್ಲಿಂದ ಒಂದು ಬಾಣ: ಕರುಳಿನಿಂದ ಬರುವ ರಕ್ತಕ್ಕೆ ಒಳಗೆ ಹೋಗಲು ದಾರಿಯಿಲ್ಲ, ಹಿಂದೆ ಒತ್ತಡ, ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ, ಒಡೆದರೆ ರಕ್ತವಾಂತಿ. ಇನ್ನೊಂದು ಬಾಣ: ಆಲ್ಬುಮಿನ್ ತಯಾರಾಗುವುದಿಲ್ಲ, ರಕ್ತನಾಳದೊಳಗೆ ನೀರು ಹಿಡಿದಿಡುವ ಶಕ್ತಿ ಇಲ್ಲ, ಮೇಲಿನ ಒತ್ತಡವೂ ಸೇರಿ ಹೊಟ್ಟೆಯಲ್ಲಿ ನೀರು. ಮೂರನೆಯದು: ಅಮೋನಿಯ ಶುದ್ಧವಾಗುವುದಿಲ್ಲ, ಮೆದುಳಿಗೆ ಹೋಗುತ್ತದೆ, ರೋಗಿ ತೂಕಡಿಸುತ್ತಾನೆ, ಕೈ ಚಾಚಿದರೆ ಪಟಪಟ ಬಡಿಯುತ್ತದೆ. ಲ್ಯಾಕ್ಟುಲೋಸ್ ಕೊಟ್ಟು ಭೇದಿ ಮಾಡಿಸುವುದು ಮಲಬದ್ಧತೆಗಲ್ಲ, ಅಮೋನಿಯ ಹೊರಹಾಕಲು ಎಂದು ಅಂದು ತಿಳಿಯಿತು. ಅದುವರೆಗೆ ರೋಗಿಯ ಹೆಂಡತಿ "ಭೇದಿಯಾಗುತ್ತಿದೆ, ಆ ಔಷಧ ನಿಲ್ಲಿಸಿ" ಎಂದಾಗ ಏನು ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ.

ಹಾಳೆ ಮುಗಿದ ಮೇಲೆ ಪುಸ್ತಕ ತೆರೆದು ಪ್ರತಿ ಬಾಣದ ಪಕ್ಕದಲ್ಲಿ ಇಂಗ್ಲಿಷ್ ಪದ ಬರೆಯುತ್ತೇನೆ. ಅರ್ಥ ಮೊದಲು, ಹೆಸರು ಆಮೇಲೆ. ಪದಗಳನ್ನೂ ಒಡೆದು ನೋಡಿ. ಹೈಪೋ ಎಂದರೆ ಕಡಿಮೆ, ಕೇಲಿಯಮ್ ಎಂದರೆ ಪೊಟ್ಯಾಸಿಯಮ್, ಈಮಿಯ ಎಂದರೆ ರಕ್ತದಲ್ಲಿ. ಹೈಪೋಕಲೀಮಿಯ ಅಲ್ಲಿಗೆ ಬಾಯಿಪಾಠದಿಂದ ಪಾರಾಯಿತು.

ಮಲೆನಾಡ ಸಿಸ್ಟರ್

ಅಮೆರಿಕದ ಪುಸ್ತಕವನ್ನು ಓದಿ, ಬೇಡವೆನ್ನುವುದಿಲ್ಲ. ಆದರೆ ನಮ್ಮ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬರುವ ರೋಗಿಗಳಿಗೆ ಅದರಲ್ಲಿ ಸಿಗುವ ಜಾಗ ಬಹಳ ಕಡಿಮೆ. ಕ್ರಿಮಿನಾಶಕ ಕುಡಿದವರು, ಹಾವು ಕಚ್ಚಿದವರು, ಇಲಿಜ್ವರ, ಮಂಗನ ಕಾಯಿಲೆ. ಮಂಗನ ಕಾಯಿಲೆ 1957ರಲ್ಲಿ ಗುರುತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಯಿಲೆಯ ಇಂಗ್ಲಿಷ್ ಹೆಸರಿನಲ್ಲೇ ನಮ್ಮೂರಿದೆ. ಇವುಗಳಿಗೆ ಒಂದು ನೋಟ್‌ಬುಕ್ ಬೇರೆಯೇ ಇಡಿ.

ಹಾವಿನದೊಂದು ಹೇಳುತ್ತೇನೆ. ಕೊಳಕುಮಂಡಲ ಕಚ್ಚಿದರೆ ರಕ್ತ ತೆಳುವಾಗುತ್ತದೆ ಎಂದು ಜನ ಹೇಳುತ್ತಾರೆ. ಒಳಗೆ ನಡೆಯುವುದು ತಿರುಗುಮುರುಗು. ಆ ವಿಷ ಹೆಪ್ಪುಗಟ್ಟಿಸುವ ಅಂಶಗಳನ್ನು ಒಮ್ಮೆಗೇ ಕೆರಳಿಸುತ್ತದೆ. ಹೆಪ್ಪಿಗೆ ಬೇಕಾದ ಪ್ರೋಟೀನಾದ ಫೈಬ್ರಿನೋಜನ್ ಎಲ್ಲ ಖರ್ಚಾಗಿಹೋಗುತ್ತದೆ. ಆಮೇಲೆ ಹೆಪ್ಪುಗಟ್ಟಿಸಲು ಏನೂ ಉಳಿದಿರುವುದಿಲ್ಲ, ವಸಡಿನಿಂದ, ಸೂಜಿ ಚುಚ್ಚಿದ ಜಾಗದಿಂದ ರಕ್ತ ಜಿನುಗುತ್ತದೆ. ಇಷ್ಟು ತಿಳಿದವರಿಗೆ ಇಪ್ಪತ್ತು ನಿಮಿಷದ ಪರೀಕ್ಷೆ ಅರ್ಥವಾಗುತ್ತದೆ. ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುವುದು. ನೀರಿನಂತೆ ಹರಿದರೆ ವಿಷ ಏರಿದೆ ಎಂದೇ ಅರ್ಥ. ಟ್ಯೂಬು ಗಾಜಿನದೇ ಆಗಬೇಕು, ಗಾಜಿನ ಮೈಯೇ ರಕ್ತವನ್ನು ಹೆಪ್ಪುಗಟ್ಟಲು ಪ್ರಚೋದಿಸುತ್ತದೆ. ಪ್ಲಾಸ್ಟಿಕ್ ಟ್ಯೂಬು, ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬು ತಪ್ಪು ಉತ್ತರ ಕೊಡುತ್ತವೆ. ನಾನು ಹೊಸಬರಿಗೆ ಮೊದಲು ತೋರಿಸುವುದೇ ಆ ಟ್ಯೂಬನ್ನು.

ಕ್ರಿಮಿನಾಶಕದ ರೋಗಿಗೆ ಅಟ್ರೋಪಿನ್ ಕೊಡುವಾಗಲೂ ಹಾಗೆಯೇ. ಕಣ್ಣಿನ ಪಾಪೆ ಹಿಗ್ಗಿತೇ ಎಂದಷ್ಟೇ ನೋಡುತ್ತಾ ಕುಳಿತವರನ್ನು ಕಂಡಿದ್ದೇನೆ. ರೋಗಿಯನ್ನು ಕೊಲ್ಲುವುದು ಶ್ವಾಸನಾಳದಲ್ಲಿ ತುಂಬುವ ದ್ರವ. ಗ್ರಂಥಿಗಳು ಒಸರುವಂತೆ ನರಗಳು ಬಿಡುವ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವ ನಿಂತುಹೋಗಿ ಬಾಯಿ, ಕಣ್ಣು, ಎದೆ ಎಲ್ಲ ಕಡೆ ಒಸರುತ್ತದೆ. ಆದ್ದರಿಂದ ಸ್ಟೆತಸ್ಕೋಪ್ ಎದೆಯ ಮೇಲಿರಬೇಕು.

ಕಡಲಾಚೆ

ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ, ಊರು ಹಾಸನ. ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಇಲ್ಲಿಗೆ ಬಂದ ಮೇಲೆ ನನಗಾದದ್ದು ಅದರ ಇನ್ನೊಂದು ಮಗ್ಗುಲು.

ಊರಿನಲ್ಲಿ ಸ್ಯಾಚುರೇಷನ್ (ರಕ್ತದ ಆಮ್ಲಜನಕದ ಶೇಕಡಾ ಮಟ್ಟ) ಕಡಿಮೆಯಾದರೆ ಆಮ್ಲಜನಕ ಹೆಚ್ಚಿಸುವುದು ಎಂದೇ ಕೈಗೆ ರೂಢಿಯಾಗಿತ್ತು. ಇಲ್ಲಿ ಆಮ್ಲಜನಕವನ್ನೂ ಔಷಧದಂತೆ ಗುರಿ ಹಾಕಿ ಬರೆದುಕೊಡುತ್ತಾರೆ. ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದು, ಇಂಗಾಲದ ಡೈಆಕ್ಸೈಡ್ ಉಳಿಸಿಕೊಳ್ಳುವ ರೋಗಿಗೆ ಗುರಿ 88ರಿಂದ 92. ಮೊದಲ ತಿಂಗಳಲ್ಲಿ 89 ಇದ್ದ ರೋಗಿಯ ಆಮ್ಲಜನಕ ಏರಿಸಲು ಹೋದಾಗ ಜೊತೆಯ ನರ್ಸ್ ತಡೆದು, ಏಕೆಂದು ಹೇಳಬಲ್ಲೆಯಾ ಎಂದು ಕೇಳಿದಳು. ಉಸಿರಾಡುವ ಪ್ರೇರಣೆ ನಿಂತುಹೋಗುತ್ತದೆ ಎಂದೆ. ಹಳೆಯ ಪುಸ್ತಕಗಳಲ್ಲಿ ಅಷ್ಟೇ ಇದೆ. ಅದು ಕಾರಣದ ಒಂದು ಪಾಲು ಮಾತ್ರ. ಕೆಟ್ಟ ಶ್ವಾಸಚೀಲಗಳ ಕಡೆ ರಕ್ತ ಹೋಗದಂತೆ ಅಲ್ಲಿನ ರಕ್ತನಾಳಗಳು ತಾವಾಗಿ ಕುಗ್ಗಿರುತ್ತವೆ. ಆಮ್ಲಜನಕ ಹೆಚ್ಚು ಕೊಟ್ಟರೆ ಅವು ಬಿಚ್ಚಿಕೊಳ್ಳುತ್ತವೆ, ರಕ್ತ ಗಾಳಿಯಾಡದ ಜಾಗಕ್ಕೆ ಹರಿದು ವ್ಯರ್ಥವಾಗುತ್ತದೆ. ಜೊತೆಗೆ ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್ ತನ್ನಲ್ಲಿದ್ದ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಹೊಸ ಆವೃತ್ತಿಗೆ ಹಣ ಕೊಡುವುದು ಸಾರ್ಥಕವಾಗುವುದು ಇಂಥ ಜಾಗದಲ್ಲಿ. ಆದ್ದರಿಂದ ಹಳೆಯದನ್ನೇ ಕೊಂಡರೂ ಶ್ವಾಸಕೋಶದ ಅಧ್ಯಾಯವನ್ನು ಗ್ರಂಥಾಲಯದಲ್ಲಿ ಸಿಗುವ ಹೊಸ ಪುಸ್ತಕದ ಜೊತೆ ಹೋಲಿಸಿ ನೋಡಿ ತಂಗಿ.

ಕಲ್ಪತರು ನಾಡು

ಅನಾಟಮಿ ಪುಸ್ತಕ ಹೊಸದಾಗಿ ಕೊಡಿಸಿದೆ. ಮಗಳು ನಿನ್ನೆ ನನ್ನ ಕಾಲನ್ನು ಬೆರಳಿನಿಂದ ಒತ್ತಿ ನೋಡಿದಳು. ಗುಳಿ ಬಿದ್ದರೆ ತಪ್ಪದೆ ಡಾಕ್ಟರ ಬಳಿ ಹೋಗಬೇಕು ಎಂದಳು. ಬೀಳಲಿಲ್ಲ. ಎಲ್ಲರಿಗೂ ವಂದನೆ.

ಭದ್ರಾತೀರ

ಐದು ವಾರದ ನಂತರ ಬರೆಯುತ್ತಿದ್ದೇನೆ. ಸೀನಿಯರ್ ಬಳಿಯ ಪೋರ್ತ್ ಕೊಂಡೆ. ಚಿತ್ರಗಳೆಲ್ಲ ಇವೆ, ನೋಡಿಕೊಂಡೇ ತಂದೆ. ಮೊದಲ ಎರಡು ವಾರ ಉರಿಯೂತ ಮತ್ತು ಜೀವಕೋಶದ ಹಾನಿ ಬಿಟ್ಟು ಬೇರೇನೂ ಓದಲಿಲ್ಲ. ಈಗ ವಾರ್ಡಿನಲ್ಲಿ ಕಂಡ ರೋಗಿಯ ಕಾಯಿಲೆಯನ್ನು ಅದೇ ಸಂಜೆ ಓದುತ್ತೇನೆ. ಒಂದು ಗಂಟೆಗೆ ಆರೇಳು ಪುಟ, ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಆಮೇಲೆ ಹಾಳೆ, ಬಾಣ, ಕನ್ನಡ.

ಈ ವಾರ ಸಕ್ಕರೆ ಕಾಯಿಲೆಯ ಹುಡುಗಿಯೊಬ್ಬಳು ಕೀಟೋಅಸಿಡೋಸಿಸ್ ಆಗಿ ಬಂದಿದ್ದಳು. ಉಸಿರು ಆಳವಾಗಿ, ಓಡಿ ಬಂದವರಂತೆ. ನನ್ನ ಹಾಳೆ ಹೀಗಿದೆ. ಇನ್ಸುಲಿನ್ ಇಲ್ಲ, ಸಕ್ಕರೆ ಕೋಶದೊಳಗೆ ಹೋಗುವುದಿಲ್ಲ, ಕೊಬ್ಬು ಕರಗಿ ಕೀಟೋನ್, ರಕ್ತ ಆಮ್ಲವಾಗುತ್ತದೆ, ಆಮ್ಲ ಕಳೆಯಲು ಇಂಗಾಲದ ಡೈಆಕ್ಸೈಡ್ ಹೊರಗೆ ಹಾಕಬೇಕು, ಅದಕ್ಕೇ ಆಳವಾದ ಉಸಿರು. ಇನ್ನೊಂದು ಕಡೆ ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಪೊಟ್ಯಾಸಿಯಮ್ ಅನ್ನೂ ಎಳೆದುಕೊಂಡು ಹೋಗುತ್ತದೆ, ಆದ್ದರಿಂದ ದಾಖಲಾಗುವಾಗ ರಕ್ತದ ಪೊಟ್ಯಾಸಿಯಮ್ ಕಡಿಮೆ. ಸರಿಯಿದೆಯೇ ಮೇಡಂ?

ಹಳೆಯ ಟ್ಯೂಟರ್

ಕೊನೆಯ ಬಾಣ ಬಿಟ್ಟು ಎಲ್ಲ ಸರಿ. ದೇಹದ ಒಟ್ಟು ಪೊಟ್ಯಾಸಿಯಮ್ ಕಡಿಮೆಯಾಗಿರುವುದು ನಿಜ. ಆದರೆ ಇನ್ಸುಲಿನ್ ಇಲ್ಲದ್ದರಿಂದ, ಆಮ್ಲದಿಂದ, ಕೋಶದೊಳಗಿನ ಪೊಟ್ಯಾಸಿಯಮ್ ಹೊರಗೆ ರಕ್ತಕ್ಕೆ ಬಂದಿರುತ್ತದೆ. ಹಾಗಾಗಿ ಬಂದ ಹೊತ್ತಿನ ರಿಪೋರ್ಟ್ ಸಾಮಾನ್ಯವಾಗಿಯೇ ಇರಬಹುದು, ಹೆಚ್ಚೂ ಇರಬಹುದು. ಇನ್ಸುಲಿನ್ ಶುರುವಾದೊಡನೆ ಅದು ಕೋಶದೊಳಗೆ ಓಡುತ್ತದೆ, ರಕ್ತದಲ್ಲಿ ಸರ್ರನೆ ಇಳಿಯುತ್ತದೆ, ಹೃದಯದ ಬಡಿತ ತಪ್ಪಬಹುದು. ಇನ್ಸುಲಿನ್‌ಗೆ ಮೊದಲೂ, ಆಮೇಲೆ ಕೆಲವು ಗಂಟೆಗಳಿಗೊಮ್ಮೆಯೂ ಪೊಟ್ಯಾಸಿಯಮ್ ನೋಡುವುದು ಅದಕ್ಕೇ. ಆ ಹುಡುಗಿಯ ಕೇಸ್ ಶೀಟ್ ತೆಗೆದು ಮೊದಲ ರಿಪೋರ್ಟನ್ನೂ ಸಂಜೆಯ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ನೋಡು.

ಭದ್ರಾತೀರ

ನೋಡಿ ಬಂದೆ ಮೇಡಂ. ಬೆಳಿಗ್ಗೆ 5.1, ಸಂಜೆ 3.6. ಬಾಣವನ್ನು ತಿದ್ದಿದೆ.